ಒಂದೇ ಲಾಟು

ಶಿಡ್ಲಘಟ್ಟದ ರೀಲರುಗಳ ಸಂಘದಲ್ಲಿ
ಮೆಟ್ಟಿಲ ಕೆಳಗಿನ ಕಪಾಟಿನೊಳಗೆ
ಎರಡು ಡಿಸ್ಕು, ಒಂದೇ ಲೆಕ್ಕ.
ಯಾರು ಎಷ್ಟು ಕಿಲೋ ಗೂಡು ಕೊಂಡರು, ಯಾರ ಬಾಕಿ ಎಷ್ಟು,
ಇದರಲ್ಲಿ ಬರೆದದ್ದು ಅದರಲ್ಲೂ, ಅದೇ ಗಳಿಗೆಗೆ.
ಒಂದು ಹೋದರೆ ಇನ್ನೊಂದಿದೆ ಎಂದು
ಆರು ವರ್ಷದ ಹಿಂದೆ ಮಾತು ಕೊಟ್ಟವನು ನಾನೇ,
ಬಿಲ್ಲಿನ ಜೊತೆಗೆ.

ಒಂದು ಹೋಯಿತು.
ಹೋದದ್ದು ಯಾರಿಗೂ ತಿಳಿಯಲಿಲ್ಲ.
ಇನ್ನೊಂದಿತ್ತಲ್ಲ.

ಪೆಟ್ಟಿಗೆಯೇನೋ ಕೂಗಿತು, ನಿಮಿಷಕ್ಕೊಮ್ಮೆ, ಹಗಲೂ ರಾತ್ರಿ.
ಹಗಲೆಲ್ಲ ಗೂಡು ತೂಗುವವರ ಗದ್ದಲ.
ರಾತ್ರಿ ಕಾವಲಿನ ಪಿಳ್ಳಪ್ಪ
ಗೋಡೆಯೊಳಗೆ ಜೀರುಂಡೆ ಸೇರಿದೆಯೆಂದು ಬ್ಯಾಟರಿ ಹಿಡಿದು ಹುಡುಕಿ,
ಕೊನೆಗೆ ಪೆಟ್ಟಿಗೆಯ ಸಣ್ಣ ತೂತು ಕಂಡು
ಹಳೇ ಪಂಚೆಯ ಚೂರು ತುರುಕಿ ಮಲಗಿದ.
ನಲವತ್ತು ದಿನ.
ನಾನು ಬಂದದ್ದು ಪ್ರಿಂಟರಿಗೆ ಇಂಕು ಹಾಕಲು.

ಈಗ ರಾತ್ರಿ ಹನ್ನೊಂದು. ಹೊಸ ಡಿಸ್ಕು ಕೂರಿಸಿದ್ದೇನೆ.
ಉಳಿದಿರುವ ಮುದಿಯದು ತನ್ನೊಳಗಿನದನ್ನೆಲ್ಲ
ಮೊದಲಿಂದ ಕೊನೆಯವರೆಗೆ ಓದಿ ಒಪ್ಪಿಸಬೇಕು.
ಆರು ವರ್ಷದಲ್ಲಿ ಅದು ಇಷ್ಟು ದುಡಿದ ರಾತ್ರಿಯಿಲ್ಲ.
ಸಾಯುವುದಾದರೆ ಇಂದೇ.
ಸತ್ತದ್ದರ ಬೆನ್ನಿನ ಸಂಖ್ಯೆ ನೋಡಿದೆ, ಬದುಕಿರುವುದರದೂ.
ಕೊನೆಯ ಅಂಕಿಯೊಂದೇ ಬೇರೆ.
ಒಂದೇ ಕಾರ್ಖಾನೆ, ಒಂದೇ ವಾರ, ಒಂದೇ ರಟ್ಟಿನ ಡಬ್ಬ,
ಇಲ್ಲಿಗೆ ಬಂದ ಮೇಲೆ ಒಂದೇ ಸೆಕೆ, ಒಂದೇ ಕರೆಂಟಿನ ಹೊಡೆತ.
ಒಂದೇ ಮೊಟ್ಟೆ ಹಾಳೆಯ ಹುಳುಗಳು
ಒಂದೇ ಬೆಳಿಗ್ಗೆ ಜ್ವರಕ್ಕೆ ಕೂರುತ್ತವೆ,
ರೋಗ ಬಂದರೆ ಒಂದೇ ಸಂಜೆ ತಟ್ಟೆ ಖಾಲಿ.
ಇದು ಈ ಊರಿನ ಮಕ್ಕಳಿಗೂ ಗೊತ್ತು.
ನನಗೆ ಹೊಳೆದದ್ದು ಇವತ್ತು.

ನಲವತ್ತೆರಡು ಪರ್ಸೆಂಟು. ಕಿವಿಯಿಟ್ಟರೆ ಒಳಗೆ
ಯಾರೋ ಅಕ್ಕಿಯಲ್ಲಿ ಕಲ್ಲು ಆರಿಸುವ ಸದ್ದು.
ಕಲ್ಲು ಸಿಕ್ಕಿದಾಗ ನಿಲ್ಲುತ್ತದೆ. ನಾನೂ ನಿಲ್ಲುತ್ತೇನೆ.
ಮತ್ತೆ ಶುರು.

ನಾಲ್ಕಕ್ಕೆ ಪಕ್ಕದ ಶೆಡ್ಡಿನಲ್ಲಿ ಒಲೆ ಹತ್ತಿತು.
ಬೆಂದ ಹುಳುವಿನ ವಾಸನೆ ಬಾಗಿಲು ತಟ್ಟದೆ ಒಳಬಂತು.
ಖೈರುನ್ನೀಸಾ ಬಿಸಿನೀರಿಗೆ ಬೆರಳದ್ದಿ
ಎಂಟು ಗೂಡಿನ ಎಂಟೆಳೆ ಕೂಡಿಸಿ ಒಂದು ನೂಲು ಎಳೆಯುತ್ತಾಳೆ.
ಒಂದು ಗೂಡು ಬರಿದಾಯಿತೋ,
ಇನ್ನೊಂದರ ತುದಿ ಎಸೆದಾಯಿತು.
ರಾಟೆಗೆ ಸುದ್ದಿಯೇ ಹೋಗುವುದಿಲ್ಲ.

“ಎಲ್ಲಾ ಹೊಸದೇ ಹಾಕಬಾರ್ದು ಭಾಯಿ.
ಎಲ್ಲಾ ಒಟ್ಟಿಗೇ ಮುಗಿದ್ರೆ ಹತ್ತು ಬೆರಳು ಸಾಲಲ್ಲ.
ಅರ್ಧ ಬಿಚ್ಚಿದ್ದು ನಾಲ್ಕು, ಹೊಸದು ನಾಲ್ಕು.”
ಇದನ್ನೇ ಕಲಿಸಲು ಒಂದು ಕಂಪನಿ ನನಗೆ
ಹೋಟೆಲಿನಲ್ಲಿ ಮೂರು ದಿನ ಊಟ ಹಾಕಿತ್ತು.
ಊಟ ನೆನಪಿದೆ.

ಆಮೇಲೆ ಕೇಳಿದಳು, ನೂಲಿನಿಂದ ಕಣ್ಣು ಕೀಳದೆ:
“ನಂದು ಸಾವಿರದ ನೂರ ನಲವತ್ತು ಬಾಕಿ ಅಂತ ತೋರಿಸ್ತೈತಲ್ಲ,
ಕಟ್ಟಿ ಮೂರು ವರ್ಷ ಆಯ್ತು. ರಸೀದಿ ಅಕ್ಕಿ ಡಬ್ಬದಲ್ಲೈತೆ.
ಸೆಕ್ರೆಟರಿ ಅಂತಾರೆ, ಎರಡೆರಡು ಕಡೆ ಬರೆದೈತಮ್ಮಾ,
ಸುಳ್ಳಾಗುತ್ತಾ?”

ಆಗುತ್ತೆ.
ಎರಡು ಸಾಕ್ಷಿ, ಒಂದೇ ಬಾಯಿ.
ಬೆರಳು ತಪ್ಪಿ ಒತ್ತಿದ್ದನ್ನೂ ಆಣೆಯ ಹಾಗೆ ಕಾಯುತ್ತವೆ,
ಅಳಿಸಿದ್ದನ್ನು ಇಬ್ಬರೂ ಒಟ್ಟಿಗೇ ಮರೆಯುತ್ತವೆ.
ಮೂರನೆಯದೊಂದು ಬೇಕು, ದೂರದಲ್ಲಿ,
ಇವುಗಳ ಮಾತು ಕೇಳದ್ದು.
ಅಕ್ಕಿ ಡಬ್ಬದಂಥದ್ದು.

ಆರೂ ಹತ್ತಕ್ಕೆ ನೂರು. ಹಸಿರು ದೀಪ.
ಮುದಿಯದು ಸಾಯಲಿಲ್ಲ. ಎಲ್ಲ ಒಪ್ಪಿಸಿತು,
ಆ ಸಾವಿರದ ನೂರ ನಲವತ್ತನ್ನೂ, ಪೈಸೆ ಬಿಡದೆ.

ಪಂಚೆಯ ಚೂರು ಎಳೆದು ಪಿಳ್ಳಪ್ಪನ ಕೈಗಿಟ್ಟೆ.
“ಇನ್ನೊಂದ್ಸಲ ಕೂಗಿದ್ರೆ?”
“ಮಲಗಬೇಡ. ಫೋನು ಮಾಡು.”
ಅವನು ಹೂಂ ಅಂದ.
ಬಟ್ಟೆ ಕೊಡವಿ, ನಾಲ್ಕು ಮಡಿಕೆ ಮಾಡಿ,
ಜೇಬಿನಲ್ಲಿಟ್ಟುಕೊಂಡ.