ಇನ್ನೊಬ್ಬರದು

ವಾಲ್ಪರೈಸೊ. ಭಾನುವಾರದ ಸಂತೆ.
ನೆಲಿದಾ ಹರವಿದ ಹಳೆ ಕೋಟುಗಳ ಪಕ್ಕದಲ್ಲೇ
ಓಸ್ವಾಲ್ದೋನ ಡಿಸ್ಕುಗಳು, ಗೀರು ಬಿದ್ದವು;
ಒಂದರ ಡಬ್ಬಿಯ ಮೂಲೆಗೆ
ಯಾವುದೋ ಮಗುವಿನ ಹಲ್ಲಿನ ಗುರುತು.

ಅದೇ ವಾಪಸು ಬಂದಿತ್ತು.
ಕೊಂಡ ಹುಡುಗ ಅಳಲಿಲ್ಲ, ಬರೀ ಹೇಳಿದ:
'ಮಿಷನ್ನು ಅನ್ನುತ್ತೆ, ಇದು ಇನ್ನೊಬ್ಬರದಂತೆ.'

ಹೌದಪ್ಪ, ಇನ್ನೊಬ್ಬರದೇ.
ನೀನು ತೊಟ್ಟ ಕೋಟೂ.
ಕತ್ತಿನ ಪಟ್ಟಿಯೊಳಗೆ ಇನ್ನೂ ಇದೆ ಹೊಲಿದ ಹೆಸರು,
ಆದರೂ ಗುಂಡಿ ಹಾಕಿಕೊಳ್ಳುವಾಗ
ಯಾರ ಮಗ ನೀನು ಅಂತ ಅದು ಕೇಳಿತೇ?

ಆಟ ಕಟ್ಟಿದವರಿಗೂ ಹೊಟ್ಟೆಯಿದೆ,
ಒಪ್ಪುತ್ತಾನೆ ಓಸ್ವಾಲ್ದೋ.
ದುಡ್ಡು ಎಣಿಸಿ ಮರಳಿಸಿದ.
ಆಮೇಲೆ ಡಿಸ್ಕಿಗೆ ದಾರ ಪೋಣಿಸಿ
ಮೀನಿನಂಗಡಿಯ ಕಂಬಕ್ಕೆ ತೂಗಿಬಿಟ್ಟ,
ಕಡಲಹಕ್ಕಿಗಳು ಹೆದರಲೆಂದು.

ಅವು ಹೆದರಲಿಲ್ಲ.
ಹುಡುಗ ಇನ್ನೂ ಅಲ್ಲೇ ನಿಂತಿದ್ದ,
ಬಿಸಿಲು ಅದರಲ್ಲಿ ಆಡುವುದನ್ನು ನೋಡುತ್ತ.