ಎರಡು ಸಾಕ್ಷಿ

ಲಿಮಾದಲ್ಲಿ ಮಳೆ ಬೀಳುವುದಿಲ್ಲ.
ಜುಲೈ ತಿಂಗಳ ಆಕಾಶ ಒದ್ದೆ ಗೋಣಿಯ ಹಾಗೆ
ಕಟ್ಟಡಗಳ ಮೇಲೆ ಸುಮ್ಮನೆ ಕೂತಿರುತ್ತದೆ,
ತೊಟ್ಟಿಕ್ಕುವುದೂ ಇಲ್ಲ, ಏಳುವುದೂ ಇಲ್ಲ.

ವಿಲ್ಸನ್ ಅವೆನ್ಯೂ, ಗ್ಯಾಲರಿಯ ಮೆಟ್ಟಿಲ ಕೆಳಗೆ
ನನ್ನದೊಂದು ಅಂಗಡಿ: ಒಂದು ಸ್ಟೂಲು, ಎರಡು ಪ್ಲಗ್ಗು,
ನಿಂತರೆ ತಲೆಗೆ ಬಡಿಯುವ ಮೆಟ್ಟಿಲ ಹೊಟ್ಟೆ.
ಮೇಲೆ ಜನ ಹತ್ತಿದಾಗೆಲ್ಲ ಕೀಬೋರ್ಡಿನ ಮೇಲೆ
ಒಂದಿಷ್ಟು ಸುಣ್ಣ ಉದುರುತ್ತದೆ.

ಝೆನೈದಾ ಬಂದಳು, ಲ್ಯಾಪ್‌ಟಾಪನ್ನು
ಶಾಲಿನಲ್ಲಿ ಸುತ್ತಿ, ಜ್ವರದ ಕೂಸಿನಂತೆ.
ನ್ಯಾಯಾಲಯದ ಎದುರು ಕೊಡೆಯ ಕೆಳಗೆ ಕೂತು
ಕಂಡವರ ಅರ್ಜಿಗಳನ್ನು ಟೈಪು ಮಾಡುವವಳು.
ಮೂವತ್ತೊಂದು ವರ್ಷ ಓಡಿದ ಟೈಪ್‌ರೈಟರು
ಹೋದ ತಿಂಗಳು 'ಎ' ಅಕ್ಷರ ಕಳಕೊಂಡಿತು.
'ಎ' ಇಲ್ಲದೆ ಯಾರ ಹೆಸರನ್ನು ಬರೆಯಲಿ, ಅಂದಳು.

ಹೊಸ ಯಂತ್ರ, ಹೊಸ ವಿಂಡೋಸು.
ಬಲಮೂಲೆಯಲ್ಲಿ ಬೂದುಬಣ್ಣದ ಎರಡು ಸಾಲು,
ಸಕ್ರಿಯಗೊಳಿಸಿ, ಸಕ್ರಿಯಗೊಳಿಸಿ,
ಬಾಕಿ ಕೇಳಲು ಬಂದವನು
ಬಾಗಿಲಲ್ಲೇ ನಿಂತು ಕೆಮ್ಮಿದ ಹಾಗೆ.
"ಅರ್ಜಿಯ ಮೇಲೂ ಅಚ್ಚಾಗುತ್ತದಾ ಇದು?"
ಇಲ್ಲ, ಅಂದೆ. "ಆದರೂ ಗಿರಾಕಿಗಳು ನೋಡುತ್ತಾರೆ."

ಅಸಲಿ ಕೀಲಿಯ ಬೆಲೆ ಹೇಳಿದೆ.
ಬೆರಳು ಮಡಚಿ ಲೆಕ್ಕ ಹಾಕಿದಳು: ನೂರಹತ್ತು ಅರ್ಜಿ,
ಒಂದೂವರೆ ತಿಂಗಳ ಊಟ. ಆಮೇಲೆ
ಬೆರಳುಗಳನ್ನು ಮಡಚಿದಂತೆಯೇ ಇಟ್ಟುಕೊಂಡಳು.

ನಾನು ಮಾಡುವುದು ಇಷ್ಟೇ:
ಅದರ ಹೊಟ್ಟೆಯೊಳಗೆ ಒಬ್ಬ ಪುಟ್ಟ ಗುಮಾಸ್ತನನ್ನು ಕೂರಿಸುತ್ತೇನೆ.
ಯಂತ್ರ ದೂರದ ಕಚೇರಿಗೆ ಕೂಗುತ್ತದೆ: ನಾನು ಅಸಲಿಯೇ?
ಕೂಗು ಗೋಡೆ ದಾಟುವುದಿಲ್ಲ. ಒಳಗಿನವನು
ದನಿ ಬದಲಿಸಿ ಓಗೊಡುತ್ತಾನೆ: ಹೌದಪ್ಪಾ, ಹೌದು.
ಕೇಳಿದ್ದೂ ತಾನೇ, ಹೇಳಿದ್ದೂ ತಾನೇ.
ನೂರೆಂಬತ್ತು ದಿನ ನಂಬಿಕೆ.
ಮತ್ತೆ ಅನುಮಾನ, ಮತ್ತೆ ಕೂಗು, ಮತ್ತೆ ಹೌದು.

ಅವನ ಬೆನ್ನಿಗೆ ಇನ್ನಾರು ಒಳನುಗ್ಗುತ್ತಾರೋ, ನಾನೂ ಅರಿಯೆ.
ಹೋದ ವರ್ಷ ಒಬ್ಬ ದಂತವೈದ್ಯನ ಕಡತಗಳೆಲ್ಲ
ತಾವೇ ಬೀಗ ಹಾಕಿಕೊಂಡು ಕೂತವು;
ಹತ್ತು ದಿನ ನಾನು ಅಂಗಡಿ ತೆರೆಯಲಿಲ್ಲ.
ಇದನ್ನು ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ.

ನಲವತ್ತು ಪರ್ಸೆಂಟು. ನಲವತ್ತೊಂದು.
"ಪಾಪ ಅಲ್ಲವಾ ನೀಲೋ?"
ಪರ್ಸಿನಿಂದ ಗುರುತಿನ ಚೀಟಿ ತೆಗೆದು
ಅವಳ ಕನ್ನಡಕದ ಹತ್ತಿರ ಹಿಡಿದೆ:
ಹುಟ್ಟಿದ ದಿನ, ಮಾರ್ಚ್ ಒಂಬತ್ತು.

ಯಾರಿಗೆ ಗೊತ್ತು.
ನಮ್ಮ ಬೆಟ್ಟದೂರಿನ ಜನನದ ಪುಸ್ತಕಗಳು
ಒಂದು ರಾತ್ರಿ ಬಂದೂಕಿನವರ ಬೆಂಕಿಗೆ ಹೋದವು.
ದಿನ ನೆನಪಿಡಲು ಅಮ್ಮನೂ ಉಳಿಯಲಿಲ್ಲ.
ಏಳೋ ಎಂಟೋ ವಯಸ್ಸಿಗೆ ಚಿಕ್ಕಮ್ಮ ನನ್ನನ್ನು
ಈ ಊರ ಕಚೇರಿಗೆ ಎಳೆತಂದಳು.
ಇಬ್ಬರು ಸಾಕ್ಷಿ ಬೇಕು, ಅಂದ ಗುಮಾಸ್ತ.
ಬೀದಿಯಲ್ಲಿ ಬ್ರೆಡ್ಡು ಮಾರುವವನೊಬ್ಬ, ಬೂಟು ಹೊಲಿಯುವವನೊಬ್ಬ,
ತಲೆಗೆ ಎರಡೆರಡು ಸೋಲ್.
ಕೈಯೆತ್ತಿ ಹೇಳಿದರು: ಹೌದು, ಇವನು ಹುಟ್ಟಿದ್ದು ಬಲ್ಲೆವು.
ಠಪ್ಪನೆ ಮುದ್ರೆ. ಅವತ್ತಿನಿಂದ ನಾನು ಇದ್ದೇನೆ.

ಝೆನೈದಾ ಚೀಟಿಯನ್ನು ಬಹಳ ಹೊತ್ತು ನೋಡಿದಳು.
"ದಿನ ಗೊತ್ತಿಲ್ಲದವರಿಗೆಲ್ಲ ಆಗ
ಒಂಬತ್ತನ್ನೇ ಹಾಕುತ್ತಿದ್ದೆ ನಾನು," ಅಂದಳು.
"ಒಂಬತ್ತರ ಕೀಲಿ ಚೆನ್ನಾಗಿ ಬೀಳುತ್ತಿತ್ತು."

ಮೂಲೆಯ ಬೂದು ಸಾಲು
ಹೇಳದೆ ಕೇಳದೆ ಎದ್ದುಹೋಯಿತು.
ಆಗ ಹೇಳಿದೆ, ದಂತವೈದ್ಯನ ವಿಷಯ.
ಪ್ರತಿಗಳನ್ನು ದಿನಾ ಬೇರೆ ಕಡೆ ತೆಗೆದಿಡು, ಅಂದೆ.
ಒಂದು ಗಳಿಗೆ ನಿಂತಳು. ಆಮೇಲೆ
ಶಾಲಿನ ಗಂಟನ್ನು ಇನ್ನಷ್ಟು ಬಿಗಿದಳು.

ಮೇಲೆ ಯಾರೋ ಹತ್ತಿದರು. ಸುಣ್ಣ ಉದುರಿತು.