ಒಕ್ಕಣೆ

ಹುನಗುಂದದ ಕಚೇರಿ ಎದುರಿಗೆ, ಹುಣಸೀಗಿಡದ ಬುಡಕ
ತಟ್ಟು ಹಾಸಿಕೊಂಡು ಅರ್ಜಿ ಬರೀತಿದ್ದ ನಮ್ಮಪ್ಪ.
ಹಾಳಿಗೆ ಎರಡಾಣೆ. ಸ್ಟ್ಯಾಂಪಿನ ರೊಕ್ಕ ಬ್ಯಾರೆ.
ನಾನು ಮಸಿ ಅರೀತಿದ್ದೆ, ಬರೆದದ್ದರ ಮ್ಯಾಲ
ಹೊಳಿ ಉಸುಕು ಉದುರಿಸಿ ಊದತಿದ್ದೆ,
ಲಕೋಟೆಗೆ ಅರಗು ಹಚ್ಚಿ, ಆರೂದರೊಳಗ
ಒಂದು ಹುಣಸೀಬೀಜ ಒತ್ತತಿದ್ದೆ. ಅದ ನಮ್ಮ ಮೊಹರು.
ಎಂಟು ವರ್ಷದಾಕಿ. ಓದಾಕ ಕಲತದ್ದು
ಮಂದಿಯ ತಕರಾರಿನೊಳಗ.

ಮೊದಲ ಸಾಲು ಯಾವಾಗಲೂ ಒಂದ:
'ಮಾಬಾಪ್ ಸರಕಾರದ ಪಾದಕ್ಕ
ಬಡವ, ಪಾಮರ, ನಡ ಬಗ್ಗಿಸಿ ಬರಕೊಳ್ಳೂದು ಏನಂದರ—'
ಇಷ್ಟಕ್ಕ ಅರ್ಧ ಹಾಳಿ ಮುಗೀತಿತ್ತು.
ಉಳಿದ ಅರ್ಧದಾಗ ಹಿಡಿಸಬೇಕು
ಒಂದು ಮನಿ, ಅದರ ಮಂದಿ, ದನ, ಮಾನ.

'ಅದನ್ನ ಗಿಡ್ಡ ಮಾಡೋ' ಅಂದಾಕಿ ನೀಲಗಂಗವ್ವ ಒಬ್ಬಾಕಿನ.
'ನಡ ಬಗ್ಗಿಸಾಕ ಎರಡಾಣೆ ಯಾಕ ಕೊಡಲಿ?
ಕಸ ತಗದೂ ತಗದೂ ಪುಕ್ಕಟ ಬಗ್ಗೈತಿ.'
ಗುಡ್ಡದ ಹುಲ್ಲಿಗೆ ಸರಕಾರ ಬೇಲಿ ಹಾಕಿತ್ತು.
ಬೇಲಿ ಅಂದರೇನಂತ ಆಕಿ ಎಮ್ಮಿಗೆ ಯಾರೂ ಹೇಳಿದ್ದಿಲ್ಲ.
ಹಿಡಕೊಂಡು ಹೋಗಿ ಕೊಂಡವಾಡಿಗೆ ಕೂಡಿದ್ದರು,
ದಂಡ ಎಮ್ಮಿಕಿಂತ ದೊಡ್ಡದು.
'ಬರಿ: ಗುಡ್ಡ ನಿಮ್ಮಪ್ಪನ ಹೊಟ್ಟಿಯಿಂದ ಬಂತೇನು?'
ಅಪ್ಪ ಬರೆದ: 'ಗುಡ್ಡದ ಬಾಬತ್ತು ಕೃಪೆ ಆಗಬೇಕು.'

ಹಂಗ, ಅಪ್ಪನ ಕಿವಿಯಾಗ ಹೊಕ್ಕ ಸಿಟ್ಟು
ಟಾಕಿನಿಂದ ಹೊರಗ ಬರೂದರೊಳಗ
ಕೈಕಟ್ಟಿಕೊಂಡು ನಿಂತಿರತಿತ್ತು.

ಉಪ್ಪಾರ ದ್ಯಾವಪ್ಪ ಸವಳಮಣ್ಣು ಕಾಸಿ
ಹಿಡಿ ಉಪ್ಪು ಮಾಡಿದ್ದಕ್ಕ ಹಂಡೇನ ಒಯ್ದಿದ್ದರು.
ಅರ್ಜಿ ಬರೆಸಿ, ಹೆಬ್ಬಟ್ಟು ಒತ್ತಿ, ಅಂವ
ಹೆಬ್ಬಟ್ಟಿನ ಮಸಿ ನೆಕ್ಕಿ ನೋಡಿದ.
'ಇದಕ್ಕೂ ಉಪ್ಪಿಲ್ಲ' ಅಂದ.

ಉತ್ತರ? 'ವಿಚಾರ ನಡದೈತಿ.'
ಅಮಾಸಿಗೊಮ್ಮೆ ಬರತಿದ್ದಳು ನೀಲಗಂಗವ್ವ ಕೇಳಾಕ.
ಎಮ್ಮಿ ಲಿಲಾವ ಆತು. ವಿಚಾರ ನಡದಿತ್ತು.
ಕರ ಸತ್ತಿತು. ವಿಚಾರ ನಡದಿತ್ತು.

ನಲವತ್ತೆರಡರಾಗ ನಾ ಬಾಣಂತನಕ್ಕ ತವರಿಗೆ ಬಂದಿದ್ದೆ.
ಒಂದಿನ ರಾತ್ರಿ ಹುಡುಗರು ದಫ್ತರದ ಕೋಣಿ ಕೀಲಿ ಮುರದು
ಗಂಟುಗಂಟು ಕಾಗದ ಅಂಗಳಕ್ಕ ಸುರದು ಬೆಂಕಿ ಇಟ್ಟರು.
ಅಪ್ಪ ಬರಿಗಾಲಿಲೆ ಓಡಿದ. ಹಿಂದ ನಾನು.
ಒಂದು ಗಂಟು ಸುಡಲಾರದ ಹೊರಳಿ ಬಿದ್ದಿತ್ತು.
ಲಕೋಟೆಗಳು.
ಅರಗು ಹಂಗ ಇತ್ತು. ಅರಗಿನ ಮ್ಯಾಲ
ಹುಣಸೀಬೀಜದ ಗುರುತು, ನಾ ಒತ್ತಿದ್ದು,
ಹನ್ನೆರಡು ವರ್ಷದ್ದು, ಒಂದೂ ಒಡದಿದ್ದಿಲ್ಲ.

ಅಪ್ಪ ಕೂಗಲಿಲ್ಲ. ಕುಕ್ಕರಗಾಲಿಲೆ ಕೂತು
ಎಣಿಸಾಕ ಹತ್ತಿದ. ಎಪ್ಪತ್ತರತನಕ ಎಣಿಸಿ
ಸುಮ್ಮನಾಗಿ, ತಾನ ಒಂದೊಂದು ಬೆಂಕಿಗೆ ಕೊಟ್ಟ.
ಅರಗು ಕರಗೂ ವಾಸನಿ
ಮುಂಜಾನಿತನಕ ನಮ್ಮ ಕೂದಲದಾಗಿತ್ತು.

'ಕಾಕಾ, ಬಾಗಲಕ್ಕ ಹಚ್ಚಾಕ ಒಂದು ಕಾಗದ ಬೇಕು'
ಅಂದರು ಹುಡುಗರು. ಅಪ್ಪ ಟಾಕು ಅದ್ದಿದ.
ರೂಢಿಯ ಕೈ, 'ಮಾ' ಅಂತ ಬರದಬಿಟ್ಟಿತು.
ಹೊಡೆದು ಹಾಕಿದ. ಮತ್ತ ಅದ್ದಿದ. ಮಸಿ ಒಣಗಿತು.
ಒಕ್ಕಣೆ ಇಲ್ಲದ ಎಲ್ಲಿಂದ ಹೊಂಡಬೇಕು
ಅವನಿಗೆ ಗೊತ್ತಿದ್ದಿಲ್ಲ.
ಕತ್ತಲಾಗ ಯಾರೋ ಕೆಮ್ಮಿದರು.
'ಎಮ್ಮಿಯಿಂದ ಶುರು ಮಾಡೋ.'

'ನಮ್ಮ ಎಮ್ಮಿ. ನಮ್ಮ ಗುಡ್ಡ. ದ್ಯಾವಪ್ಪನ ಹಂಡೆ.
ಇಟ್ಟು ನಡೀರಿ.'
ಅಷ್ಟ. ಸ್ಟ್ಯಾಂಪಿಲ್ಲ. ಎರಡಾಣೇನೂ ಇಲ್ಲ.
ಅಕ್ಷರದ ಗುರುತು ಹಿಡದರು; ಹಿಂಡಲಗಿ ಜೇಲಿನಾಗ
ಹನ್ನೊಂದು ತಿಂಗಳು. ಅಲ್ಲೂ ಬರದನಂತ,
ಕಳ್ಳರ ಹೆಂಡಂದಿರಿಗೆ ಕಾಗದ.

ಕಚೇರಿ ಮ್ಯಾಲಿನ ಬಾವುಟ ಬದಲಾದ ಮರುದಿನ
ತಟ್ಟು ಜಾಡಿಸಿ ಅಪ್ಪ ಮತ್ತ ಅಲ್ಲೇ ಕೂತ.
ಮೊದಲ ಬಂದಾಕಿ ಆಕಿನ,
ನೆಲ ನೋಡಿಕೋತ ನಡಿಯುವಷ್ಟು ಬಗ್ಗಿದ್ದಳು.
'ಬೇಲಿ ಇನ್ನೂ ಐತಲ್ಲೋ ಗುಡ್ಡಕ್ಕ.'
ಅಪ್ಪ ಬರೆದ, ಆಕಿ ಅಂದದ್ದು ಅಂದಹಂಗ.
ನನ್ನ ಮಗ ಅರಗಿನ ಡಬ್ಬಿಗೆ ಕೈ ಹಾಕಿದ್ದ.
ಅಪ್ಪ ಕಸಕೊಂಡ.
'ಮುಚ್ಚಬ್ಯಾಡ. ಬಿಚ್ಚಿದ್ದು ಬಿಚ್ಚಿದಂಗ
ಒಳಗ ಒಯ್ದು, ಅವರ ಮುಂದ ನಿಂತು
ಓದಿ ಬರೂಣು, ನಡಿ.'